ಗೋಡೆಗೆ ಮುಖ ಮಾಡಿ ಉಣ್ಣುವವರು

ನಮ್ಮೂರಿಗೆ ಬರುವ ನೆಂಟರು ಹೊರಡುವ ಮೊದಲೇ ಒಂದು ಮಾತು ವಿಚಾರಿಸಿಕೊಳ್ಳುತ್ತಾರೆ: ಮನೆಯಲ್ಲಿ ಅನ್ನಕ್ಕೆ ಬಂದ ಮಗು ಇದೆಯೇ? ಇದೆ ಎಂದರೆ ದಾರಿಯಲ್ಲೇ ಎಲ್ಲಾದರೂ ಹೊಟ್ಟೆ ತುಂಬಿಸಿಕೊಂಡು ಬಂದು, ಜಗಲಿಯ ಮೇಲೆ ಕೂತು, 'ಅಯ್ಯೋ, ಈಗ ತಾನೇ ಊಟ ಆಯ್ತು, ಬರೀ ನೀರು ಸಾಕು' ಎನ್ನುತ್ತಾರೆ. ಅವರನ್ನು ದೂರಿ ಫಲವಿಲ್ಲ. ಮಗುವಿನ ಬಾಯಿಗೆ ಮೊದಲ ತುತ್ತು ಇಟ್ಟ ಗಳಿಗೆಯಿಂದ ಆ ಸೂರಿನ ಕೆಳಗೆ ಮಲಗುವ ಎಲ್ಲರ ನಾಲಿಗೆಯೂ ಚಪ್ಪೆಯಾಗುತ್ತದೆ. ಉಪ್ಪು ಬಿತ್ತೋ ಇಲ್ಲವೋ ಎಂದು ಅಡಿಗೆ ಮಾಡಿದವಳಿಗೇ ತಿಳಿಯದು. ಆಮೇಲೆ ಮಗು ಯಾವುದನ್ನು ತಿಂದು ಮೆಚ್ಚುತ್ತದೋ ಅದರ ರುಚಿ ಮಾತ್ರ ಮನೆಯವರಿಗೆ ಮರಳಿ ಬರುತ್ತದೆ. ಮಗು ಬೇಡವೆಂದದ್ದು ಎಲ್ಲರ ಬಾಯಲ್ಲೂ ಮಣ್ಣು. ನಾಲಿಗೆ ಮಗುವಿನದು, ಹೊಟ್ಟೆ ನಮ್ಮದು ಎಂದು ನಮ್ಮಲ್ಲಿ ಗಾದೆಯೇ ಇದೆ.

ಇದರಲ್ಲಿ ಇನ್ನೊಂದು ತೊಡಕಿದೆ. ಮಗು ಮೊದಲ ಸಲ ಹೇಗೆ ಮೆಚ್ಚಿತೋ ಹಾಗೆಯೇ ಆ ರುಚಿ ನಿಂತುಬಿಡುತ್ತದೆ, ಆ ಮನೆಯಲ್ಲಿ ಮತ್ತೊಂದು ಮಗು ಅನ್ನಕ್ಕೆ ಬರುವವರೆಗೂ. ನಮ್ಮ ಎದುರು ಮನೆಯ ಪುಟ್ಟಸೋಮಯ್ಯನವರ ಸೊಸೆ ಆತುರಕ್ಕೆ ಬಿದ್ದು ಕುಂಬಳಕಾಯಿ, ಸೊಪ್ಪು, ಬೇಳೆ ಎಲ್ಲಕ್ಕೂ ಬಿಸ್ಕತ್ತಿನ ಪುಡಿ ಬೆರೆಸಿ ಮಗನ ಬಾಯಿಗೆ ತುರುಕಿದಳು. ಹುಡುಗ ಗಬಗಬನೆ ತಿಂದ. ಒಂದೇ ಸುಗ್ಗಿಯಲ್ಲಿ ಮನೆಯವರಿಗೆಲ್ಲ ರುಚಿ ವಾಪಸು ಬಂತು, ಬಿಸ್ಕತ್ತಾಗಿ. ಈಗ ಆ ಮನೆಯಲ್ಲಿ ಹುಳಿಯೂ ಬಿಸ್ಕತ್ತು, ಪಲ್ಯವೂ ಬಿಸ್ಕತ್ತು. ಪುಟ್ಟಸೋಮಯ್ಯನವರು ಆಸೆಪಟ್ಟು ಹೋಟೆಲಿಗೆ ಹೋಗಿ ಮೆಣಸಿನಕಾಯಿ ಬಜ್ಜಿ ಕಚ್ಚುತ್ತಾರೆ, ಪಕ್ಕದಲ್ಲಿ ಕೂತವನನ್ನು 'ಹೆಂಗಿದೆಯಪ್ಪಾ ಖಾರ?' ಎಂದು ಕೇಳುತ್ತಾರೆ, ಅವನು ಬಾಯಿ ಸುಟ್ಟುಕೊಂಡು ಸುಯ್ಗುಡುವುದನ್ನು ನೋಡಿ ಮನೆಗೆ ಬರುತ್ತಾರೆ. ಊರವರು ಅವರಿಗೆ ಬಿಸ್ಕತ್ತಿನ ಮನೆಯವರು ಎಂದು ಹೆಸರಿಟ್ಟಿದ್ದಾರೆ. ಅಡಿಗೆ ಕೆಟ್ಟರೆ ಒಂದು ಹೊತ್ತು, ಅವಸರ ಮಾಡಿದರೆ ಹತ್ತು ವರ್ಷ.

ಹಾಗಾಗಿ ಬುದ್ಧಿವಂತರು ಎನ್ನಿಸಿಕೊಂಡವರೆಲ್ಲ ಒಂದು ಪದ್ಧತಿ ಹಿಡಿದಿದ್ದರು. ಮಗು ಇರುವ ಮನೆಯಲ್ಲಿ ದೊಡ್ಡವರು ಗೋಡೆಗೆ ಮುಖ ಮಾಡಿ ಉಣ್ಣಬೇಕು. ಬಾಯಲ್ಲಿ ರುಚಿ ಇಲ್ಲದವರ ಮುಖ ಹೇಗಿರುತ್ತದೆ? ಹರಳೆಣ್ಣೆ ಕುಡಿದ ಹಾಗೆ. ಆ ಮುಖ ಮಗುವಿನ ಕಣ್ಣಿಗೆ ಬಿದ್ದರೆ ಅದು ಅನ್ನವನ್ನೇ ದ್ವೇಷಿಸೀತು ಎಂಬ ಹೆದರಿಕೆ. ನನ್ನ ಅತ್ತೆಯವರು ಹೀಗೆಯೇ ಉಂಡರು, ನಾನೂ ಹೀಗೆಯೇ ಉಂಡೆ. ಒಬ್ಬರು ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ತಿನ್ನಿಸಬೇಕು, ಮಿಕ್ಕವರು ಸಾಲಾಗಿ ಗೋಡೆ ಕಡೆ ತಿರುಗಿ ಕೂತು ತಮ್ಮ ಮಣ್ಣನ್ನು ತಾವು ನುಂಗಬೇಕು. ನಮ್ಮ ಅಡಿಗೆಮನೆಯ ಗೋಡೆಯಲ್ಲಿ ಎಲ್ಲಿ ಸುಣ್ಣ ಉದುರಿದೆ, ಎಲ್ಲಿ ಇರುವೆ ದಾರಿ ಮಾಡಿದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲೆ.

ನನ್ನ ಮೊಮ್ಮಗಳು ಬೆಳ್ಳಿ ಅನ್ನಕ್ಕೆ ಬಂದಾಗ ನಮ್ಮ ಮನೆಯಲ್ಲಿ ನಾಲ್ವರ ನಾಲಿಗೆ ಅವಳ ಪಾಲಾಯಿತು: ನನ್ನದು, ನಮ್ಮ ಯಜಮಾನರದು, ಮಗ ಹೊನ್ನೇಶನದು, ಸೊಸೆ ಚಂಪಕಳದು. ಬೆಳ್ಳಿ ಮಹಾ ಹಟಮಾರಿ. ಎರಡು ವರ್ಷ ತುಂಬುವ ಹೊತ್ತಿಗೆ ಅವಳು ಮೆಚ್ಚಿದ್ದು ಹಾಲು, ಅನ್ನ, ಬಾಳೆಹಣ್ಣು, ಅಷ್ಟೇ. ಬೇಯಿಸಿದ ಗೆಣಸು ತೋರಿಸಿದರೆ ತುಟಿ ಬಿಗಿಯುವಳು. ಕ್ಯಾರೆಟ್ಟು ಕೊಟ್ಟರೆ ಕಿಟಕಿಯಿಂದ ಆಚೆ. ಸೌತೆಕಾಯಿ ಹೋಳನ್ನು ಕೆನ್ನೆಗೆ ಉಜ್ಜಿಕೊಂಡು ತಣ್ಣಗಿದೆ ಎಂದು ನಗುವಳು, ಬಾಯಿಗೆ ಮಾತ್ರ ಇಡಳು. ತಿನ್ನಿಸುವುದಕ್ಕೇ ಹೆಸರಾದ ಕಾಳವ್ವ ಎಂಬಾಕೆ ನಮ್ಮೂರಲ್ಲಿದ್ದಾಳೆ. ಅವಳನ್ನು ಕರೆಸಿದೆವು. ಅವಳು ಗೆಜ್ಜೆ ಕಟ್ಟಿಕೊಂಡು ಬಂದಳು, ಕಾಗೆ ಕರೆದಳು, ಗುಬ್ಬಿ ಕರೆದಳು, ಹಪ್ಪಳ ಮಾರುವವನನ್ನೂ ಕರೆದಳು. ಬೀದಿಯವರೆಲ್ಲ ಬಾಗಿಲಲ್ಲಿ ನಿಂತು 'ಆ ಮಾಡು ಕಂದಾ, ಆ ಮಾಡು' ಎಂದು ತಾವೇ ಬಾಯಿ ತೆರೆದರು. ಇಡೀ ಬೀದಿಯಲ್ಲಿ ಬಾಯಿ ಮುಚ್ಚಿಕೊಂಡಿದ್ದವಳು ಬೆಳ್ಳಿಯೊಬ್ಬಳೇ. ಹೊರಡುವಾಗ ಕಾಳವ್ವ ಬೆವರು ಒರೆಸಿಕೊಂಡು, "ಈ ಮಗ ಊಟಕ್ ಹುಟ್ಟಿದ್ದಲ್ಲ ಕಣಮ್ಮಾ, ವಕೀಲಿಕೆಗ್ ಹುಟ್ಟಿರೋದು" ಅಂದಳು.

ವಯಸ್ಸಿನವರು ಹೇಗೋ ತಡೆದುಕೊಳ್ಳುತ್ತಾರೆ. ಹಸಿವಾದರೆ ಹೊನ್ನೇಶ ಚಪ್ಪೆ ಮುದ್ದೆಯನ್ನೂ ಎರಡು ನುಂಗಿ ಸೈಕಲ್ ಅಂಗಡಿಗೆ ಹೋಗುವನು. ಬಾಧೆಯಾದದ್ದು ನಮ್ಮ ಯಜಮಾನರಿಗೆ. ಅವರ ಹೆಸರು ಈರಭದ್ರಪ್ಪ. ಮದುವೆ ಬ್ಯಾಂಡ್‌ಸೆಟ್ಟಿನಲ್ಲಿ ಕ್ಲಾರಿನೆಟ್ ಊದುತ್ತಿದ್ದವರು, ಹತ್ತೂರಿನ ಮದುವೆ ಊಟ ಉಂಡ ನಾಲಿಗೆ. ಎರಡು ಚಟ ಅವರಿಗೆ. ಒಂದು ನಶ್ಯ. ಇನ್ನೊಂದು, ಊಟವಾದ ಮೇಲೆ ಉಪ್ಪು ಹಚ್ಚಿದ ನೆಲ್ಲಿಕಾಯಿ. ನಶ್ಯದ ವಿಷಯದಲ್ಲಿ ನಾನು ಮದುವೆಯಾದ ವಾರದಿಂದಲೇ ಜಗಳ ತೆಗೆದವಳು. ಅವರ ಬೆರಳು, ಕರವಸ್ತ್ರ, ದಿಂಬು, ಕೊನೆಗೆ ನನ್ನ ಸೀರೆಯ ಸೆರಗು ಕೂಡ ಆ ಘಾಟು ಹೊಡೆಯುತ್ತಿತ್ತು. ನಾನು ಬಯ್ಯುವುದು, ಅವರು 'ಆಯ್ತು ಮಾರಾಯ್ತಿ' ಎಂದು ಇನ್ನೊಂದು ಚಿಟಿಕೆ ಏರಿಸುವುದು, ಇದೇ ನಮ್ಮ ಸಂಸಾರ.

ಆ ವರ್ಷ ಅವರಿಗೆ ಜ್ವರ ಬಂತು. ಜ್ವರ ಬಿಟ್ಟರೂ ಊಟ ಸೇರಲಿಲ್ಲ, ರುಚಿ ಇದ್ದ ಹಾಲನ್ನ, ಬಾಳೆಹಣ್ಣು ತಿಂದು ತಿಂದು ಸಾಕಾಗಿಹೋಗಿತ್ತು. ಎರಡು ತುತ್ತಿಗೆ ಕೈ ತೊಳೆದುಬಿಡುವರು. ಕೊರಳ ಎಲುಬು ಎದ್ದು ಕಂಡವು, ಉಂಗುರ ಬೆರಳಿಂದ ಜಾರಿ ಬಚ್ಚಲಿಗೆ ಬಿತ್ತು. ಡಾಕ್ಟರು ನಾಡಿ ನೋಡಿ, "ಕಾಯಿಲೆ ಏನೂ ಉಳಿದಿಲ್ಲ. ನಾಲಿಗೆಗೆ ಏನಾದ್ರೂ ಹತ್ತಿದ್ರೆ ಎದ್ದು ಕೂರ್ತಾರೆ. ಇಲ್ದಿದ್ರೆ ಛತ್ರಕ್ಕೆ ಕಳಿಸಿ" ಅಂದರು.

ಛತ್ರವೆಂದರೆ ಊರಾಚೆ, ಕೆರೆ ಏರಿಯ ಪಕ್ಕ ಇದೆ. ಮೊಮ್ಮಕ್ಕಳು ಅನ್ನಕ್ಕೆ ಬಂದ ಮನೆಗಳ ಮುದುಕರಿಗೆಂದು ಹಿಂದಿನವರು ಕಟ್ಟಿಸಿದ್ದು. ಒಗ್ಗರಣೆಯ ಪರಿಮಳ ಏರಿಯ ಮೇಲೆ ಹೋಗುವವರ ಕಾಲು ಕಟ್ಟುತ್ತದೆ. ನಾಲ್ಕು ದಿನ ಅಲ್ಲಿ ಮಲಗಿದರೆ ನಾಲಿಗೆಗೆ ರುಚಿ ತಾನಾಗಿ ಮರಳುತ್ತದೆ. ಆದರೆ ಅಲ್ಲಿ ಮಕ್ಕಳಿಗೆ ಪ್ರವೇಶವಿಲ್ಲ, ಅಲ್ಲಿರುವವರು ಮನೆಗೆ ಬಂದು ಒಂದು ರಾತ್ರಿ ಮಲಗಿದರೂ ಮತ್ತೆ ಮೊದಲಿನಿಂದ. ಎರಡು ಮೂರು ವರ್ಷಕ್ಕೆಂದು ಹೋದವರಲ್ಲಿ ತಿರುಗಿ ಬಂದವರನ್ನು ನಾನು ಹೆಚ್ಚು ಕಂಡಿಲ್ಲ. ನಾನು ಜೊತೆಗೆ ಹೋಗುವಂತಿರಲಿಲ್ಲ. ಚಂಪಕ ಶಿಶುವಿಹಾರದಲ್ಲಿ ಟೀಚರು, ಬೆಳ್ಳಿಯನ್ನು ನೋಡಿಕೊಳ್ಳುವವಳು ನಾನೇ. ಮದುವೆಯಾದಂದಿನಿಂದ ಬಯ್ಯಲು ಒಬ್ಬರಿದ್ದು ಅಭ್ಯಾಸವಾದವಳಿಗೆ ಆ ಮನೆಯಲ್ಲಿ ಸುಮ್ಮನೆ ಕೂರುವುದು ಹೇಗೆಂದು ದಿಗಿಲಾಯಿತು.

ಚಂಪಕ ಒಳ್ಳೆಯ ಹುಡುಗಿ. ಅವಳೇ ಒಂದು ದಿನ ಬಿಸ್ಕತ್ತಿನ ಪೊಟ್ಟಣ ತಂದು ನನ್ನ ಮುಂದಿಟ್ಟಳು.

"ಅತ್ತೆ, ಊರವರು ಏನಾದ್ರೂ ಅಂದ್ಕೊಳ್ಲಿ. ಮಾವ ಉಳಿದ್ರೆ ಸಾಕು. ಎಲ್ಲಾ ಬಿಸ್ಕತ್ತೇ ಆದ್ರೂ ಊಟ ಅಂತ ಒಂದು ಸೇರುತ್ತಲ್ಲ?"

ನನಗೂ ಹೌದೆನಿಸಿತು. ಪುಡಿ ಮಾಡಲು ಒರಳಿಗೆ ಹಾಕಿಯೂ ಆಗಿತ್ತು. ನಡುಮನೆಯ ಮಂಚದ ಮೇಲೆ ಒರಗಿದ್ದವರಿಗೆ ಸದ್ದು ಕೇಳಿಸಿತು. ಬ್ಯಾಂಡಿನವರ ಕಿವಿ.

"ಏನದು ಕುಟ್ತಿರೋದು?"

"ಏನಿಲ್ಲ ಮಲಗ್ರೀ."

"ಏನಿಲ್ದೇ ಇರೋದನ್ನ ಯಾರೂ ಕುಟ್ಟಲ್ಲ. ಚಂಪಕಾ, ಇಲ್ಲಿ ಬಾರಮ್ಮ. ನೋಡು, ನಾನು ಛತ್ರಕ್ಕೆ ಬೇಕಾದ್ರೆ ಹೋಗ್ತೀನಿ. ಬೆಳ್ಳಿಗೆ ಹಾಗಲಕಾಯಿ ಅಂದ್ರೆ ಹಾಗಲಕಾಯಿ ಅಂತ ಗೊತ್ತಾಗ್ಲಿ. ಮಗೂಗೆ ಮೋಸ ಮಾಡಬೇಡಿ."

ಚಂಪಕ ಅತ್ತಳು. ಪೊಟ್ಟಣ ಎದುರು ಮನೆಗೆ ಹೋಯಿತು. ಹೊನ್ನೇಶ ತಲೆ ತಗ್ಗಿಸಿಕೊಂಡು ಹೋಗಿ ಛತ್ರದ ಗಾಡಿಗೆ ಹೇಳಿ ಬಂದ, ಮುಂದಿನ ಸೋಮವಾರ ಬರುತ್ತದೆಂದ. ನಾನು ಅವರ ಪಂಚೆ, ಅಂಗಿ, ಕಂಬಳಿ ಒಗೆದು ಒಣಗಿಸಿ ಗಂಟು ಕಟ್ಟಿಟ್ಟೆ. ನಶ್ಯದ ಡಬ್ಬಿಯನ್ನೂ ಅದರಲ್ಲಿ ಇಟ್ಟೆ, ಅವರು ತೆಗೆದುಕೊಂಡರು. "ಸೋಮವಾರದ ತನಕ ನಿನ್ನ ಬೈಗುಳ ತಿನ್ನಬೇಡವಾ?" ಎಂದರು.

ಅವರನ್ನು ಗೋಡೆ ಕಡೆ ತಿರುಗಿಸಿ ಕೂರಿಸುವುದು ಅಷ್ಟರಲ್ಲಿ ನಿಂತುಹೋಗಿತ್ತು. ಬೆನ್ನಿಗೆ ಆಸರೆಯಿಲ್ಲದೆ ಕೂರಲು ಅವರಿಗೆ ತ್ರಾಣವಿರಲಿಲ್ಲ. ಗೋಡೆಗೆ ಬೆನ್ನು ಕೊಟ್ಟು ಕೂತರೆ ಮುಖ ನಡುಮನೆಗೆ ಬರುತ್ತದೆ, ಅಲ್ಲಿ ಬೆಳ್ಳಿ ಆಡುತ್ತಿರುತ್ತಾಳೆ. ಇದು ಸಲ್ಲದು ಎಂದು ನನಗೆ ಗೊತ್ತಿತ್ತು. ಹೋಗುವವರನ್ನು ಇನ್ನು ಕಾಡುವುದೇಕೆ ಎಂದು ಸುಮ್ಮನಾದೆ. ಅವರ ತಟ್ಟೆಗೆ ತುತ್ತು ಅನ್ನ, ಒಂದಿಷ್ಟು ಬೇಯಿಸಿದ ಕಡಲೆಕಾಯಿ, ಹೆಚ್ಚಿದ ಸೀಬೆಹಣ್ಣು, ಬೀಜ ಬಿಡಿಸಿದ ನೆಲ್ಲಿಕಾಯಿಯ ಹೋಳು, ಪಕ್ಕದಲ್ಲಿ ಉಪ್ಪು, ಹೀಗೆ ಇಟ್ಟುಕೊಡುತ್ತಿದ್ದೆ. ಅವರು ನೆಲ್ಲಿಕಾಯಿಯನ್ನೇ ಎತ್ತಿಕೊಳ್ಳುವರು. ಉಪ್ಪಿಗೆ ಅದ್ದಿ ನಾಲಿಗೆಯ ಮೇಲಿಟ್ಟು, ಒಂದು ಕಣ್ಣು ಮುಚ್ಚಿ, ಭುಜ ಕುಣಿಸಿ 'ಸ್ಸ್... ಆಹಾ' ಎಂದು ಲೊಟಕೆ ಹೊಡೆಯುವರು, ಥೇಟು ಮೊದಲಿನ ಹಾಗೆ. ನನಗೆ ನಗುವೂ ಬಂತು, ಸಂಕಟವೂ ಆಯಿತು.

"ಬಾಯಲ್ಲಿ ಮಣ್ಣಿದ್ರೂ ಅದ್ಹೆಂಗ್ ಚಪ್ಪರಿಸ್ತೀರ್ರೀ?"

"ನಂಗೆ ರುಚಿ ಸಿಗ್ಲಿಲ್ಲ ಅಂತ ನೆಲ್ಲಿಕಾಯಿಗೆ ಅವಮಾನ ಮಾಡಕ್ಕಾಗುತ್ತಾ?"

ಬೆಳ್ಳಿ ಆಟ ನಿಲ್ಲಿಸಿ ನೋಡುತ್ತಿದ್ದಳು. ಅವಳು ಹುಟ್ಟಿದಂದಿನಿಂದ ದೊಡ್ಡವರ ಬೆನ್ನು ಉಣ್ಣುವುದನ್ನು ಕಂಡವಳು. ಬಾಯಿ ಉಣ್ಣುವುದನ್ನು ಕಂಡಿರಲಿಲ್ಲ. ಮಂಚದ ಕಾಲು ಹಿಡಿದು ನಿಂತು ಅವರ ದವಡೆಯನ್ನೇ ನೋಡಿದಳು. ಅವರು ಅವಳಿಗೆ ಬೇಕಾ ಎಂದು ಕೇಳಲಿಲ್ಲ. ನಾನು 'ಆ ಮಾಡು ಕಂದಾ' ಎಂದು ಹೋಳು ಹಿಡಿದು ಬಂದರೆ ಕಣ್ಣಲ್ಲೇ ಗದರಿ ಅಡಿಗೆಮನೆಗೆ ಅಟ್ಟಿದರು. ಮರುದಿನ ಅವಳು ಮಂಚ ಹತ್ತಿ ಪಕ್ಕದಲ್ಲಿ ಕೂತಳು. ತಟ್ಟೆಯಿಂದ ಒಂದು ಹೋಳು ತೆಗೆದು ಹಿಸುಕಿ ನೋಡಿ ಕೆಳಗೆಸೆದಳು. ಮತ್ತೊಂದು ದಿನ ನೆಕ್ಕಿ, ಮುಖ ಸಿಂಡರಿಸಿ, ಅಜ್ಜನ ಪಂಚೆಗೆ ನಾಲಿಗೆ ಒರೆಸಿಕೊಂಡಳು. ಅವರು ಅದನ್ನೂ ಗಮನಿಸದವರ ಹಾಗೆ ತಮ್ಮ ಪಾಡಿಗೆ ತಾವು ಚಪ್ಪರಿಸುತ್ತಲೇ ಇದ್ದರು.

ಯಾಕೆ ಹೀಗೆ ಸುಮ್ಮನಿರುತ್ತೀರಿ ಎಂದು ಕೇಳಿದೆ. ಅವರು ನಶ್ಯ ಏರಿಸಿ, ಸೀನಿ, ಒಂದು ಕಥೆ ಹೇಳಿದರು. "ನಾವು ಮೆರವಣಿಗೇಲಿ ಊದ್ತಾ ಇದ್ರೆ ಕೆಲವು ಕಿಡಿಗೇಡಿ ಹುಡುಗ್ರು ಎದುರಿಗೆ ಬಂದು ಹುಣಿಸೆಹಣ್ಣು ಚೀಪ್ತಾ ನಿಂತ್ಕೊಳ್ಳೋರು. ನೋಡ್ತಿದ್ದಂಗೇ ನಮ್ ಬಾಯಲ್ಲಿ ನೀರು. ಕ್ಲಾರಿನೆಟ್ ಗೊರಗೊರ. ಅಷ್ಟು ಜನರ ಬ್ಯಾಂಡು ಒಬ್ಬ ಪೋರ ನಿಲ್ಲಿಸಿಬಿಡ್ತಿದ್ದ. ಅವನೇನು ನಮ್ಗೆ 'ಬಾಯಿ ತೆಗೀರಿ' ಅಂದಿದ್ನಾ?"

ಭಾನುವಾರ ಮಧ್ಯಾಹ್ನ. ಮರುದಿನ ಗಾಡಿ. ಹೊನ್ನೇಶನ ಅಂಗಡಿಗೆ ಭಾನುವಾರವೂ ರಜೆಯಿಲ್ಲ, ಡಬ್ಬಿ ಕಟ್ಟಿಸಿಕೊಂಡು ಹೋಗಿದ್ದ. ನಾನೂ ಚಂಪಕಳೂ ಅಡಿಗೆಮನೆಯಲ್ಲಿ ಗೋಡೆಗೆ ಮುಖ ಮಾಡಿ ಊಟಕ್ಕೆ ಕೂತಿದ್ದೆವು. ಮುದ್ದೆ, ನೆಲ್ಲಿಕಾಯಿ ತೊಕ್ಕು. ನಾನು ತೊಕ್ಕಿನಲ್ಲಿ ಅದ್ದಿದ ಮುದ್ದೆಯನ್ನು ನುಂಗಬೇಕು, ಅಷ್ಟರಲ್ಲಿ ಬಾಯಲ್ಲಿ ಹುಳಿ ಸಿಡಿಯಿತು. ಕೆನ್ನೆಯ ಒಳಗೆಲ್ಲ ಜುಮ್ಮೆಂದು, ಕಿವಿಯ ಹಿಂದೆ ಹಿಂಡಿದಂತಾಗಿ, ಕಣ್ಣಲ್ಲಿ ನೀರು ಬಂತು. ಪಕ್ಕಕ್ಕೆ ನೋಡಿದರೆ ಚಂಪಕ ತುತ್ತು ಕೈಯಲ್ಲೇ ಹಿಡಿದು ಕೂತಿದ್ದಾಳೆ, ಅವಳ ಬಾಯಿ ತೆರೆದಿದೆ.

"ಅತ್ತೆ!"

ಇಬ್ಬರೂ ಒಟ್ಟಿಗೆ ಗೋಡೆಯಿಂದ ತಿರುಗಿದೆವು. ನಡುಮನೆಯ ಮಂಚದ ಮೇಲೆ ಬೆಳ್ಳಿ ಅಜ್ಜನ ತೊಡೆಯ ಮೇಲೆ ಕೂತಿದ್ದಳು. ಅವರ ಬೆರಳ ತುದಿಯಲ್ಲಿದ್ದ ಹೋಳನ್ನು ಅರ್ಧ ಕಚ್ಚಿ, ಒಂದು ಕಣ್ಣು ಮುಚ್ಚಿ, ಭುಜ ಕುಣಿಸುತ್ತಿದ್ದಳು. ಉಪ್ಪಾದ ಬೆರಳನ್ನೂ ಚೀಪುತ್ತಿದ್ದಳು. ಅವರು ಲೋಟ ಎತ್ತಿ ಒಂದು ಗುಟುಕು ನೀರು ಕುಡಿಸಿದರು. ನೆಲ್ಲಿಕಾಯಿಯ ಮೇಲಿನ ನೀರು ಸಿಹಿ. ಬೆಳ್ಳಿ ಅಚ್ಚರಿಯಿಂದ ಲೋಟದೊಳಗೆ ಇಣುಕಿ ನೋಡಿ, "ಇನ್ನ" ಅಂದಳು. ನಮ್ಮ ಯಜಮಾನರು ಇನ್ನರ್ಧ ಹೋಳನ್ನು ತಾವು ಬಾಯಿಗಿಟ್ಟುಕೊಂಡರು. ಈ ಸಲ ಭುಜ ಕುಣಿಸಲಿಲ್ಲ, ಸದ್ದು ಮಾಡಲಿಲ್ಲ. ಕಣ್ಣಿಂದ ನೀರು ಇಳಿಯಿತು, ಸುಮ್ಮನೆ ಅಗಿದರು.

ಚಂಪಕ ಮತ್ತೊಂದು ತುತ್ತು ತಿಂದು ಹುಬ್ಬು ಗಂಟಿಕ್ಕಿದಳು. "ಅತ್ತೆ, ಇದರಲ್ಲಿ ಹುಳಿ ಜೊತೆ ಏನೋ ಘಾಟು ಇದೆಯಲ್ಲಾ?"

ನನಗೆ ಕೇಳಿಸಿಕೊಳ್ಳುವ ಅಗತ್ಯವೇ ಇರಲಿಲ್ಲ. ಹುಳಿಯ ಬೆನ್ನಿಗೇ ಮೂಗಿನ ಬುಡಕ್ಕೆ ಹತ್ತುವ ಆ ಘಾಟು ನನಗೆ ಗೊತ್ತಿಲ್ಲದ್ದೇ? "ಅಯ್ಯೋ ನಿಮ್ಮ ನಶ್ಯ ಹಾಳಾಗ!" ಎಂದು ಕೂಗಿದೆ. "ಮಗು ತಿನ್ನುವಾಗಲಾದ್ರೂ ಕೈ ತೊಳ್ಕೋಬಾರ್ದಿತ್ತೇನ್ರೀ? ಇನ್ಮೇಲೆ ಮನೆ ಮಂದಿಯೆಲ್ಲಾ ನೆಲ್ಲಿಕಾಯಿ ಜೊತೆ ನಶ್ಯ ತಿನ್ನಬೇಕಲ್ಲ!" ಅವರು ಬಾಯಿ ತುಂಬ ಹುಳಿ ಇಟ್ಟುಕೊಂಡೇ ನಕ್ಕರು. ಅಷ್ಟರಲ್ಲಿ ಹೊರಗೆ ಸೈಕಲ್ ಬಿದ್ದ ಸದ್ದಾಯಿತು. ಹೊನ್ನೇಶ, ಕೈಯಲ್ಲಿ ತೆರೆದ ಊಟದ ಡಬ್ಬಿ, ತುಟಿಯ ಮೇಲೆ ತೊಕ್ಕು. "ಬಂತಾ? ನಿಮ್ಗೂ ಬಂತಾ?" ಎಂದು ಬಾಗಿಲಲ್ಲೇ ಕೂಗಿ ಮಗುವನ್ನು ಎತ್ತಿಕೊಂಡ.

ಸೋಮವಾರ ಬಂದ ಗಾಡಿಯವನಿಗೆ ಮಜ್ಜಿಗೆ ಕೊಟ್ಟು ಕಳಿಸಿದೆವು. ಅವನು ಮಜ್ಜಿಗೆಗೆ ಉಪ್ಪು ಜಾಸ್ತಿ ಎಂದು ಹೇಳಿ ಹೋದ. ಅಂದಿನಿಂದ ನಮ್ಮ ಮನೆಯಲ್ಲಿ ಯಾರೂ ಗೋಡೆ ಕಡೆ ತಿರುಗಲಿಲ್ಲ. ಎಲ್ಲರೂ ಬೆಳ್ಳಿಯ ಸುತ್ತ ಕೂತು, ರುಚಿ ಇರಲಿ ಬಿಡಲಿ, ಮುಖ ಅರಳಿಸಿಕೊಂಡು ಉಂಡೆವು. ಮಿಕ್ಕವನ್ನು ಅವಳು ತಟ್ಟೆಯಿಂದ ತಾನೇ ಎತ್ತಿಕೊಂಡಳು: ಸೀಬೆ, ಕಡಲೆಕಾಯಿ, ಗೆಣಸು, ಒಂದು ಹಬ್ಬದ ದಿನ ಹಾಗಲಕಾಯಿಯನ್ನೂ. ಅವೆಲ್ಲ ಅವುಗಳ ಸ್ವಂತ ರುಚಿಯಲ್ಲೇ ಬಂದವು. ನೆಲ್ಲಿಕಾಯಿ ಮಾತ್ರ ನಶ್ಯದ ಘಾಟಿನೊಂದಿಗೆ ಉಳಿಯಿತು. ತಿಂದಾಗಲೆಲ್ಲ ನಾನು ಬಯ್ಯುತ್ತಿದ್ದೆ, ಯಜಮಾನರು ಖುಷಿಯಿಂದ ಬಯ್ಯಿಸಿಕೊಳ್ಳುತ್ತಿದ್ದರು. ಎದುರು ಮನೆಯವರು ನಮಗೂ ಒಂದು ಹೆಸರಿಟ್ಟರು. ಅದನ್ನಿಲ್ಲಿ ಹೇಳುವುದಿಲ್ಲ.

ಬೆಳ್ಳಿ ಶಾಲೆಗೆ ಸೇರಿದ ವರ್ಷ ಅವರು ಹೋದರು. ಉಂಡು, ಕೈ ತೊಳೆದು, ಅದೇ ಮಂಚದ ಮೇಲೆ ಒರಗಿದವರು ಏಳಲಿಲ್ಲ. ಕರವಸ್ತ್ರದ ಘಾಟು ಒಂದೆರಡು ಒಗೆತಕ್ಕೆ ಹೋಯಿತು, ದಿಂಬಿನದು ಮಳೆಗಾಲಕ್ಕೆ ಹೋಯಿತು. ನೆಲ್ಲಿಕಾಯಿಯಲ್ಲಿ ಇತ್ತು. ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ಭರಣಿಯಿಂದ ಒಂದು ತೆಗೆದು ಬಾಯಿಗಿಟ್ಟುಕೊಂಡು, 'ಹಾಳಾದ ನಶ್ಯ' ಎಂದು ಬಯ್ದು, ಇನ್ನೊಂದು ತೆಗೆದುಕೊಳ್ಳುತ್ತಿದ್ದೆ. ನೀರು ಕುಡಿಯುತ್ತಿರಲಿಲ್ಲ. ಕುಡಿದರೆ ಬಾಯಿ ಸಿಹಿಯಾಗಿ ಆ ಘಾಟು ತೊಳೆದುಹೋಗುತ್ತಿತ್ತು.

ಈಗ ಚಂಪಕಳಿಗೆ ಗಂಡು ಮಗುವಾಗಿದೆ. ನಿನ್ನೆ ಅವನಿಗೆ ಮೊದಲ ತುತ್ತು ಇಟ್ಟೆವು. ಹಿಂದಿನ ದಿನ ಬೆಳ್ಳಿ ನನ್ನ ಹತ್ತಿರ ಬಂದು, ಎಲ್ಲ ಲೆಕ್ಕಾಚಾರ ಮಾಡಿದವಳ ಹಾಗೆ ಪಿಸುಗುಟ್ಟಿದಳು. "ಅಜ್ಜೀ, ತಾತನ ಡಬ್ಬಿ ನಿನ್ ಪೆಟ್ಟಿಗೇಲಿದೆ ಅಲ್ವಾ? ತಮ್ಮಂಗೆ ನೆಲ್ಲಿಕಾಯಿ ಕೊಡೋವಾಗ ಬೆರಳಿಗೆ ಚೂರು ಹಚ್ಕೊಂಡ್ರೆ ತಾತ ಹಂಗೇ ಇರ್ತಾರೆ."

ಸುಳ್ಳು ಹೇಳಲಾರೆ, ನಾನೂ ಅದನ್ನು ಯೋಚಿಸಿದ್ದೆ. "ಬೇಡ ಪುಟ್ಟಿ" ಅಂದೆ. "ಮಗೂಗೆ ಮೋಸ ಮಾಡಬಾರದು. ಅವನ ನೆಲ್ಲಿಕಾಯಿ ಅವನದು." ಇಬ್ಬರೂ ಅಡಿಗೆಮನೆಯ ಹೊಸ್ತಿಲ ಮೇಲೆ ಕೂತು ಒಂದೊಂದು ತಿಂದೆವು. ಇಬ್ಬರೂ ನೀರು ಕುಡಿಯಲಿಲ್ಲ.

ಇವತ್ತು ಮಧ್ಯಾಹ್ನ ಭರಣಿಯಿಂದ ಒಂದು ತೆಗೆದೆ. ಹುಳಿಯೂ ಇಲ್ಲ, ಘಾಟೂ ಇಲ್ಲ. ಹಲ್ಲಿಗೆ ಏನೋ ಸಿಗುತ್ತದೆ, ಅಷ್ಟೇ. ಹಳೆಯ ಅಭ್ಯಾಸಕ್ಕೆ ಮೈ ತಾನಾಗಿ ಗೋಡೆ ಕಡೆ ತಿರುಗಿತು. ಸುಣ್ಣ ಉದುರಿದ ಜಾಗ ಅಲ್ಲೇ ಇತ್ತು. ಹಿಂದಿನಿಂದ ಕೂಸು ಏನೋ ಗೊಣಗಿದ್ದು ಕೇಳಿಸಿತು. ಚಾಪೆಯ ಮೇಲೆ ದಿಂಬಿಗೆ ಒರಗಿ ಕೂತು, ಕೈ ಬಾಯಿಗಿಟ್ಟುಕೊಂಡು, ನನ್ನನ್ನೇ ನೋಡುತ್ತಿದ್ದ. ನಾನು ಗೋಡೆ ಬಿಟ್ಟು ಅವನ ಎದುರಿಗೆ ಬಂದು ಕೂತೆ. ಇನ್ನೊಂದು ಹೋಳನ್ನು ಉಪ್ಪಿಗೆ ಅದ್ದಿ ನಾಲಿಗೆಯ ಮೇಲಿಟ್ಟುಕೊಂಡು, ಒಂದು ಕಣ್ಣು ಮುಚ್ಚಿ, ಭುಜ ಕುಣಿಸಿ, 'ಸ್ಸ್... ಆಹಾ' ಅಂದೆ.